ಹುರಿದ ಕಾಳು

ಅಕ್ಕ ಗೋಡೆಯ ಮೇಲಿನ ಚಿತ್ರದಿಂದ ಒಂದು ಅವರೆಕಾಳನ್ನು ಉಗುರಿನಿಂದ ಕಿತ್ತು ಬಾಯಿಗೆ ಹಾಕಿಕೊಂಡಳು. ಕಟುಂ ಎಂದ ಸದ್ದಿಗೆ ಚಿತ್ರಕಲಾ ಪ್ರದರ್ಶನಕ್ಕೆ ಬಂದಿದ್ದವರೆಲ್ಲ ತಿರುಗಿ ನೋಡಿದರು.

"ಹುರಿದುಬಿಟ್ಟಿದ್ದೀಯೇನೋ?"

"ಹುಳ ಹಿಡಿಯುತ್ತಲ್ಲ ಅಕ್ಕಾ, ಅದಕ್ಕೇ," ಎಂದ ಕಲಾವಿದ ತಮ್ಮ, ಅತಿಥಿಗಳತ್ತ ಹಲ್ಲು ಕಿರಿಯುತ್ತಲೇ. "ಮೆಲ್ಲಗೆ ಮಾತಾಡು. ಜನ ನೋಡ್ತಿದ್ದಾರೆ."

"ನೋಡ್ಲಿ! ಹುಳಕ್ಕೆ ಒಂದು ಹಿಡಿ ಬೂದಿ ಸಾಕಿತ್ತಲ್ಲೋ!"

ಅಜ್ಜಿ ಹಾಗೆಯೇ ಬೂದಿಯಲ್ಲಿ ಹೊರಳಿಸಿ, ಡಬ್ಬಿಯಲ್ಲಿಟ್ಟು, ವರ್ಷ ವರ್ಷ ಬಿತ್ತಿ ಉಳಿಸಿದ್ದ ಚುಕ್ಕೆ ಅವರೆ ಅದು. ಈಗ ಬೇರೆ ಯಾರ ಹೊಲದಲ್ಲೂ ಒಂದು ಬಳ್ಳಿ ಇರಲಿಲ್ಲ. ಬಿತ್ತನೆಯ ಹೊತ್ತಿಗೆ ವಾಪಸ್ ಕೊಡುತ್ತೇನೆಂದು ಡಬ್ಬಿಗೆ ಡಬ್ಬಿಯನ್ನೇ ಒಯ್ದವನು, ಅಷ್ಟೂ ಕಾಳನ್ನು ಅಂಟಿಸಿ ಅಜ್ಜಿಯ ಮುಖ ಮಾಡಿ ನಿಲ್ಲಿಸಿದ್ದ. ಕೆಳಗೊಂದು ಚೀಟಿ: 'ನಮ್ಮ ಅಪರೂಪದ ತಳಿ. ದಯವಿಟ್ಟು ಮುಟ್ಟಬೇಡಿ.'

"ಚಿತ್ರದಲ್ಲಾದ್ರೂ ಉಳೀತಲ್ಲ ಅಕ್ಕಾ. ನೂರು ವರ್ಷ ಇರುತ್ತೆ."

ಅಕ್ಕನ ಮೈ ಉರಿದುಹೋಯಿತು. ಅಜ್ಜಿಯ ಕೆನ್ನೆಯಿಂದ ಇನ್ನೊಂದು ಕಾಳು ಕಿತ್ತು, ತಮ್ಮನ ಆ ಕಿರಿದ ಹಲ್ಲುಗಳ ನಡುವೆ ತುರುಕಿದಳು.

"ಅಗಿ. ಇದರ ರುಚಿ ಹೇಗಿತ್ತು ಅಂತ ನಾಳೆ ಯಾರಾದ್ರೂ ಕೇಳಿದ್ರೆ, ನಿನ್ನ ಚಿತ್ರ ಬಾಯಿ ಬಿಡಲ್ಲ. ನೀನೇ ಹೇಳ್ಬೇಕು."