ಜನರಲ್ ನೇರವಾಗಿ ಇಳಿದ ದಿನ

“ಕನ್ನಡದಲ್ಲಿ ಕೇಳಿಕೊಂಡ್ರೆ ಪಾಸ್ ಮಾಡ್ತೇನೆ ಅಂದ್ಕೊಳ್ಬೇಡಿ ಮಾರಾಯ್ರೆ,” ಎಂದರು ಸರೋಜಿನಿ, ಪುಟ್ಟ ವಿಮಾನದ ರೆಕ್ಕೆಯನ್ನು ತಡವಿ ನೋಡುತ್ತ. “ಕನ್ನಡ ಸಂಘದ ಪಿಕ್ನಿಕ್‌ನಲ್ಲಿ ನಾನು ನಿಮಗೆ ಆಂಟಿ. ಇಲ್ಲಿ ಎಕ್ಸಾಮಿನರ್. ಕಳೆದ ಸಲದ ಹಾಗೆ ನಿಮ್ಮ ಸ್ಟೂಡೆಂಟು ನನ್ನನ್ನು ಗಿರಗಿರ ತಿರುಗಿಸಿದ್ರೆ ಇವತ್ತೂ ಫೇಲೇ.”

“ಹಂಗೇನ್ ಮಾಡಂಗಿಲ್ರೀ ಮೇಡಂ. ಬೈದು ಬೈದು ತಿದ್ದೀನಿ,” ಎಂದ ಕಲ್ಮೇಶ. ವಾರವೆಲ್ಲ ಬ್ಯಾಲಂಟೈನ್ ಬಡಾವಣೆಯ ಬ್ಯಾಂಕಿನಲ್ಲಿ ಕಂಪ್ಯೂಟರ್ ಕುಟ್ಟುವ ಆತ ಶನಿವಾರ, ಭಾನುವಾರ ಅಮೆರಿಕದ ಷಾರ್ಲೆಟ್ ನಗರದ ಹೊರಗಿನ ಈ ಚಿಕ್ಕ ಮೈದಾನದಲ್ಲಿ ವಿಮಾನ ಹಾರಿಸುವುದನ್ನು ಕಲಿಸುತ್ತಿದ್ದ.

“ಬೈದು ತಿದ್ದಲಿಕ್ಕೆ ಅವರೇನು ಅಂಗನವಾಡಿ ಮಗುವಾ?”

ಖಂಡಿತ ಅಲ್ಲ. ಕಾಬೂಲ್ ತಾಲಿಬಾನ್ ಕೈಗೆ ಬಿದ್ದ ಆ ಆಗಸ್ಟ್‌ನಲ್ಲಿ ಈ ಸ್ಟೂಡೆಂಟ್ ಜಲ್ಮೈ ಅಫ್ಘಾನಿಸ್ತಾನದ ಒಂದು ವಾಯುನೆಲೆಯ ಕಮಾಂಡರ್. ಸರ್ಕಾರ ಕುಸಿಯುತ್ತ ಹೋದ ಹಾಗೆ ಆತನಿಗೆ ಬಡ್ತಿಯ ಮೇಲೆ ಬಡ್ತಿ. ಮೇಲಿನ ಕುರ್ಚಿಯವರು ಒಬ್ಬೊಬ್ಬರಾಗಿ ಸೂಟ್‌ಕೇಸ್ ಹಿಡಿದು ಓಡಿಹೋದರೆ ಖಾಲಿ ಕುರ್ಚಿಗೆ ಉಳಿದವನೇ ಗತಿ. ಜನರಲ್ ಆದ ದಿನ ಆತನಿಗೆ ಆಜ್ಞೆ ಕೊಡುವವರು ಯಾರೂ ಉಳಿದಿರಲಿಲ್ಲ. ತಾನೇ ಕೊಟ್ಟ: ಹಾರಬಲ್ಲ ಒಂದು ವಿಮಾನವೂ ಇಲ್ಲಿ ಉಳಿಯಕೂಡದು, ಮೊದಲು ಮೆಕ್ಯಾನಿಕ್‌ಗಳ ಹೆಂಡತಿ ಮಕ್ಕಳು ಹತ್ತಬೇಕು. ಎಲ್ಲರನ್ನೂ ಬೆಟ್ಟ ದಾಟಿಸಿ ಗಡಿಯಾಚೆ ಕಳಿಸಿ, ಕೊನೆಯ ವಿಮಾನದಲ್ಲಿ ತಾನು ಹೊರಟ. ಅಂಥವನು ಈಗ ಷಾರ್ಲೆಟ್ ಏರ್‌ಪೋರ್ಟಿನಲ್ಲಿ ಕಂಡವರ ಸೂಟ್‌ಕೇಸ್ ಎತ್ತಿ ಹಾಕುತ್ತಿದ್ದ. ಆಸ್ಪತ್ರೆಗಳಿಗೆ ಔಷಧ ಸಾಗಿಸುವ ಒಂದು ಕಂಪನಿ ಪೈಲಟ್ ಕೆಲಸ ಕೊಡುತ್ತೇನೆ ಎಂದಿತ್ತು. ಅದಕ್ಕೆ ಅಮೆರಿಕದ ಲೈಸೆನ್ಸ್ ಬೇಕು. ಇವತ್ತು ಸಿಗದಿದ್ದರೆ ಸೋಮವಾರ ಆ ಸೀಟಿನಲ್ಲಿ ಬೇರೊಬ್ಬ ಕೂರುತ್ತಾನೆ.

ಆತನಿಗೆ ಬಾರದೇ ಇದ್ದದ್ದು ಒಂದೇ: ನೇರವಾಗಿ ಇಳಿಯುವುದು. ಅವನ ದೇಶದಲ್ಲಿ ದೂರದಿಂದ ನಿಧಾನಕ್ಕೆ ತಗ್ಗುತ್ತ ಬಂದ ವಿಮಾನಕ್ಕೆ ಬೆಟ್ಟದ ಮರೆಯಿಂದ ರಾಕೆಟ್ ಬೀಳುತ್ತಿತ್ತು. ಅದಕ್ಕೇ ಎತ್ತರದಲ್ಲೇ ನೆಲೆಯ ಮೇಲೆ ಬಂದು, ಅಲ್ಲಿಂದ ಹದ್ದಿನ ಹಾಗೆ ಸುತ್ತು ಹಾಕುತ್ತ ಧುಮುಕಬೇಕು. ಹಾಗೆ ಮಾಡದವರನ್ನು ಆತ ಕೈಯಾರೆ ಮಣ್ಣು ಮಾಡಿದ್ದ. ಮೊದಲ ಪರೀಕ್ಷೆಯಲ್ಲಿ ಸರೋಜಿನಿಯವರನ್ನು ಕೂರಿಸಿಕೊಂಡೂ ಹಾಗೇ ಧುಮುಕಿದ್ದ.

“ಇಲ್ಲಿ ಯಾವನೂ ನಿಮಗ ರಾಕೆಟ್ ಹೊಡಿಯಂಗಿಲ್ಲ, ಜನರಲ್ ಸಾಹೇಬ್ರ!” ಎಂದು ಕಲ್ಮೇಶ ಕೊನೆಯ ಬಾರಿ ಗದರಿದ. ಇಬ್ಬರೂ ಆಡುತ್ತಿದ್ದದ್ದು ಹಿಂದಿ. ಆದರೆ ಕಲ್ಮೇಶನ ಹಿಂದಿಗೂ ವಿಜಯಪುರದ ಖಾರವೇ. “ಕೆಳಗಿರೋದು ಗಾಲ್ಫ್ ಆಡೋ ಮುದುಕ್ರು. ಅವರ ಚೆಂಡೂ ಅಷ್ಟು ಮ್ಯಾಲ ಬರಂಗಿಲ್ಲ!”

ಜಲ್ಮೈ ನಕ್ಕ. ಬೇಕಾದವರನ್ನೆಲ್ಲ ಆತ ಪ್ರೀತಿಯಿಂದ ‘ಜಾನ್’ ಎನ್ನುತ್ತಿದ್ದ. “ತಲೆಗೆ ಗೊತ್ತು, ಕಲ್ಮೇಶ್ ಜಾನ್. ಕೈಗೆ ಗೊತ್ತಿಲ್ಲ.”

ಜಲ್ಮೈ, ಸರೋಜಿನಿ ಇಬ್ಬರನ್ನೂ ಹೊತ್ತು ವಿಮಾನ ಏರಿತು. ಕಲ್ಮೇಶ ಬೇಲಿಯ ಪಕ್ಕ ರೇಡಿಯೋ ಹಿಡಿದು ನಿಂತ, ಕೂತ, ಮತ್ತೆ ನಿಂತ. ಬಹಳ ಹೊತ್ತಿನ ಮೇಲೆ ದಕ್ಷಿಣದಲ್ಲಿ ಸದ್ದು ಕೇಳಿಸಿತು. ವಿಮಾನ ಎತ್ತರದಲ್ಲೇ ಬಂದು ಸರಿಯಾಗಿ ಮೈದಾನದ ನೆತ್ತಿಯ ಮೇಲೆ ತಲುಪಿತು. ಎಡಗಡೆಯ ರೆಕ್ಕೆ ಕೆಳಕ್ಕೆ ವಾಲಿತು. ಇನ್ನೂ ವಾಲಿತು.

“ಬ್ಯಾಡ್ರೀ! ನಿಮ್ಮ ಕಾಲಿಗೆ ಬೀಳ್ತೀನಿ, ಬ್ಯಾಡ್ರೀ!” ಕಲ್ಮೇಶನ ಹೆಬ್ಬೆರಳು ರೇಡಿಯೋ ಗುಂಡಿಯ ಮೇಲೆ ಹೋಯಿತು. ಒತ್ತಿ ಒಂದು ಮಾತು ಹೇಳಿದರೂ ಪರೀಕ್ಷೆ ರದ್ದು. ಹಲ್ಲು ಕಚ್ಚಿ ರೇಡಿಯೋವನ್ನು ಹುಲ್ಲಿನ ಮೇಲೆ ಎಸೆದ.

ರೆಕ್ಕೆ ಅಲ್ಲೇ ನಿಂತಿತು. ಒಂದು ಗಳಿಗೆ ಮೇಲೂ ಇಲ್ಲ, ಕೆಳಗೂ ಇಲ್ಲ. ಆಮೇಲೆ ಮೆಲ್ಲಗೆ ಸಮಕ್ಕೆ ಬಂತು. ವಿಮಾನ ಮೈದಾನವನ್ನು ಬಿಟ್ಟು ಕೆರೆಯಾಚೆ ಹೋಗಿ, ಪೈನ್ ಮರಗಳ ಹಿಂದೆ ತಿರುಗಿ, ದೀಪ ಹಚ್ಚಿಕೊಂಡು ಎದುರಿಗೆ ಕಾಣಿಸಿತು. ಬಂತು, ಬಂತು, ಎಷ್ಟು ನಿಧಾನ! ಕೊಯ್ದ ಬೆಳೆ ಹೇರಿದ ಎತ್ತಿನ ಗಾಡಿ ಊರ ದಾರಿ ಹಿಡಿದ ಹಾಗೆ. ಯಾರು ಬೇಕಾದರೂ ಗುರಿಯಿಟ್ಟು ಹೊಡೆಯಬಹುದಾಗಿತ್ತು. ಗಾಲ್ಫ್ ಮೈದಾನದಲ್ಲಿ ಒಬ್ಬ ಮುದುಕ ತಲೆಯೆತ್ತಿ ಕೈ ಬೀಸಿದ. ಚಕ್ರಗಳು ರನ್‌ವೇಯನ್ನು ಮುಟ್ಟಿದ್ದು ಗೊತ್ತೇ ಆಗಲಿಲ್ಲ.

ಸರೋಜಿನಿ ಇಳಿದು ಹೆಡ್‌ಫೋನ್ ತೆಗೆದರು. ಕಲ್ಮೇಶ ಏದುಸಿರು ಬಿಡುತ್ತ ಎದುರಿಗೆ ನಿಂತಿದ್ದ. “ನನ್ನ ಮುಖ ಎಂತ ನೋಡ್ತೀರಿ? ಪಾಸು. ಹೋಗಿ, ಅವರಿಗೆ ನೀರು ಕೊಡಿ. ಅಂಗಿ ಹಿಂಡಿದ್ರೆ ಬಕೆಟ್ ತುಂಬ್ತದೆ.”

ಕಲ್ಮೇಶ ಕೂಗಿದ ಕೂಗಿಗೆ ಪೈನ್ ಮರದ ಕಾಗೆಗಳೆಲ್ಲ ಎದ್ದವು. ಓಡಿಹೋಗಿ ಜನರಲ್‌ನನ್ನು ಸೊಂಟ ಹಿಡಿದು ಎತ್ತಿಯೇಬಿಟ್ಟ. ಬೆವರು ಒರೆಸಿಕೊಂಡ ಜಲ್ಮೈ ಆಫೀಸಿನ ಗೋಡೆಯತ್ತ ಕೈ ತೋರಿಸಿದ. ಅಲ್ಲಿ ಅಂಗಿಯ ತುಂಡುಗಳನ್ನು ಮೊಳೆ ಹೊಡೆದು ಸಾಲಾಗಿ ತೂಗುಹಾಕಿದ್ದರು. ಮೊದಲ ಬಾರಿ ಒಬ್ಬಂಟಿಯಾಗಿ ಹಾರಿ ಇಳಿದವರ ಅಂಗಿಯ ಬೆನ್ನನ್ನು ಗುರುವೇ ಕತ್ತರಿಸುವುದು ಈ ದೇಶದ ಪೈಲಟ್‌ಗಳ ಪದ್ಧತಿ.

“ನನ್ನದೂ ಕತ್ತರಿಸಿ,” ಎಂದ.

“ಏ, ಅದು ಹೊಸದಾಗಿ ಕಲಿಯೋ ಹುಡುಗ್ರಿಗೆ, ಸಾಹೇಬ್ರ. ನೀವು ಮೂವತ್ತು ವರ್ಷ ಹಾರಿಸಿದವ್ರು!”

ಜಲ್ಮೈ ಒದ್ದೆ ಅಂಗಿಯನ್ನು ಪ್ಯಾಂಟಿನಿಂದ ಹೊರಗೆಳೆದು, ಬೆನ್ನು ತಿರುಗಿಸಿ ನಿಂತ.

“ಮೂವತ್ತು ವರ್ಷ ಬೀಳುತ್ತಿದ್ದೆ, ಕಲ್ಮೇಶ್ ಜಾನ್. ಇಳಿದದ್ದು ಇವತ್ತೇ.”