ಎರಡನೆಯ ಬಡಿತ

ಧಬ್ ಎಂದು ಒಮ್ಮೆ ಬಡಿದ ಆನೆಯ ಹೃದಯ ಮತ್ತೆ ಸದ್ದೇ ಮಾಡಲಿಲ್ಲ. ಹಲ್ಲು ಕೀಳಿಸಿಕೊಂಡು ಅರಿವಳಿಕೆಯಲ್ಲಿ ಮಲಗಿದ್ದ ಆ ಮುದಿ ಹೆಣ್ಣಾನೆಯ ಎದೆಗೆ ಸ್ಟೆತಾಸ್ಕೋಪ್ ಒತ್ತಿ ಹಿಡಿದಿದ್ದ ಡಾಕ್ಟರಮ್ಮನ ಜೀವ ಬಾಯಿಗೆ ಬಂತು. ಮೃಗಾಲಯದಲ್ಲಿ ಅವಳಿಗೆ ಇದು ಮೊದಲ ದಿನ. ಆರು ವರ್ಷ ಇಲಿಗಳ ಪ್ರಯೋಗಶಾಲೆಯಲ್ಲೇ ಕಳೆದ ಅವಳ ಕಿವಿಗೆ ನಿಮಿಷಕ್ಕೆ ಆರುನೂರು ಬಡಿತವೇ ರೂಢಿ.

"ಅಜ್ಜಾ, ನಿಂತೇ ಹೋಯ್ತು!" ಎಂದು ಚೀರಿದಳು.

ಸೊಂಡಿಲು ಸವರುತ್ತಿದ್ದ ಮಾವುತಜ್ಜ ಅಲುಗಲಿಲ್ಲ. "ತಾಳಿ ಡಾಕ್ಟ್ರಮ್ಮ, ಬರುತ್ತೆ."

ಧಬ್!

ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಎಂದೋ ಓದಿದ ಪಾಠ ಈಗ ನೆನಪಾಯಿತು: ಇಲಿಯ ಪುಟ್ಟ ಮೈ ಒಲೆಯಂತೆ ಧಗಧಗ ಉರಿಯುತ್ತದೆ, ಅದಕ್ಕೇ ಅದರ ಹೃದಯಕ್ಕೆ ಅಷ್ಟು ಅವಸರ, ಈ ಬೆಟ್ಟದಂಥ ಮೈಯದು ಸಣ್ಣ ಉರಿ, ನಿಧಾನವಾಗಿ ಬಡಿದರೆ ಸಾಕು.

"ನನಗೂ ಒಂಚೂರು ಕೇಳಿಸಿ," ಎಂದ ಅಜ್ಜ. ನಲವತ್ತು ವರ್ಷ ಜೊತೆಗಿದ್ದೂ ಆ ಎದೆಯ ಸದ್ದನ್ನು ಅವನು ಕೇಳಿರಲಿಲ್ಲ. ಸ್ಟೆತಾಸ್ಕೋಪ್ ಸಿಕ್ಕಿಸಿಕೊಂಡು ಒಂದು ಬಡಿತ ಕೇಳಿದ. ಕಾದ. ಇನ್ನೂ ಕಾದ. ಎರಡನೆಯದು ಬಂದಾಗ ಅವನ ಬೊಚ್ಚುಬಾಯಿ ಅರಳಿತು.

"ಇವಳದ್ದೇ ಇದು, ಸಂಶಯವೇ ಇಲ್ಲ. ಊಟಕ್ಕೆ ಕರೆದ್ರೂ ಹೀಗೇ ಬರ್ತಾಳೆ."