ಏಳನೆಯವರ ಸುತ್ತು

ವಿಲ್ಫ್ ಹೆಸ್ಕೆತ್ ಉತ್ತರ ಕದಿಯುತ್ತಿದ್ದಾನೆ ಎಂಬುದರಲ್ಲಿ ಡೆಸ್ಮಂಡ್‌ಗೆ ಎಳ್ಳಷ್ಟೂ ಅನುಮಾನ ಉಳಿದಿರಲಿಲ್ಲ.

ಡೆಸ್ಮಂಡ್ ಪಬ್ ಕ್ವಿಜ್ ಲೀಗಿನ ಕಾರ್ಯದರ್ಶಿ. ಪ್ರಶ್ನೆ ಬರೆಯುವ ಹತ್ತು ಮಂದಿಯ ಹೆಸರು ಅವನೊಬ್ಬನಿಗೇ ಗೊತ್ತು. ಉಳಿದವರಿಗೆ ಬರೀ ನಂಬರು. ಅವರಿಗೂ ಆಡುವವರಿಗೂ ನಂಟಿರಬಾರದು. ವಾರಕ್ಕೊಬ್ಬರು ಒಂದು ವಿಷಯ ಹಿಡಿದು ಹತ್ತು ಪ್ರಶ್ನೆ ಬರೆದು ಲಕೋಟೆಯಲ್ಲಿ ಕಳಿಸುತ್ತಾರೆ. ಮಂಗಳವಾರ ಸಂಜೆ ಅದನ್ನು ಓದುವುದು, ಆ ಸುತ್ತಿಗೆ ಒಬ್ಬೊಬ್ಬರೇ ಉತ್ತರ ಬರೆಯುವುದು. ಬುಧವಾರ ಅಂಕಗಳ ಪಟ್ಟಿ ಪ್ರಶ್ನೆ ಬರೆದವರಿಗೆ ಅಂಚೆಯಲ್ಲಿ ಹೋಗುತ್ತದೆ.

ಏಳನೆಯವರು ಪಾರಿವಾಳದ ಮೇಲೆ ಕೇಳಿದರು. ವಿಲ್ಫ್‌ಗೆ ಹತ್ತಕ್ಕೆ ಹತ್ತು. ಉಗಿಬಂಡಿಯ ಮೇಲೆ ಕೇಳಿದರು, ಹತ್ತು. ಬ್ರೆಡ್ಡಿನ ಮೇಲೆ ಕೇಳಿದಾಗಲೂ ಹತ್ತು. ಬೇರೆಯವರ ಸುತ್ತಿನಲ್ಲಿ ಮುದುಕನಿಗೆ ನಾಲ್ಕು ದಾಟಿದರೆ ಹೆಚ್ಚು.

"ಪಾರಿವಾಳ ಸಾಕಿದ್ದ, ರೈಲು ಓಡಿಸ್ತಿದ್ದ, ಹೆಂಡ್ತಿ ಬೇಕರಿಲಿದ್ಲು. ಗೊತ್ತಿರೋದೇ ಬಂತು ಬಿಡು," ಎಂದಳು ಬಿಯರ್ ಸುರಿಯುತ್ತಿದ್ದ ಈನಿಡ್. "ಹೆಂಡ್ತಿ ಮಣ್ಣಾದ ದಿನ ಮಗಳಿಗೆ 'ನನ್ ಬಾಗಿಲು ತುಳೀಬೇಡ' ಅಂದ್ಬಿಟ್ಟ. ಅವಳು ಎಲ್ಲಿಗೆ ಹೋದ್ಲೋ ಏನೋ. ಅವನಿಗೀಗ ಇರೋದು ಈ ಮಂಗಳವಾರ ಒಂದೇ. ಸುಮ್ನಿರೋ ಮಾರಾಯ."

"ಮೂರು ಸಲ ಅದೃಷ್ಟ? ನನ್ ಕಿವಿ ಮೇಲೆ ಹೂವಿಡ್ಬೇಡ," ಎಂದ ಡೆಸ್ಮಂಡ್.

ಮೇಲಾಗಿ, ಮುದುಕನೇ ಹಿಂದಿನ ಸಲ ಡೆಸ್ಮಂಡ್‌ನ ಕೋಟಿನ ತೋಳು ಹಿಡಿದು ಕೇಳಿದ್ದ: "ಅಂಕದ ಪಟ್ಟಿ ಏಳನೆಯವ್ರಿಗೆ ತಪ್ಪದೆ ಹೋಗುತ್ತಲ್ವಾ?"

ಡೆಸ್ಮಂಡ್‌ಗೆ ಅಷ್ಟು ಸಾಕಾಯಿತು. ಏಳನೆಯವರ ಮುಂದಿನ ಲಕೋಟೆ ಬಂದಾಗ ಅದನ್ನು ಒಡೆಯದೆ ಮನೆಯ ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದ. ತಾನೇ ಹತ್ತು ಪ್ರಶ್ನೆ ಬರೆದು, ಏಳನೆಯವರದೆಂದು ಪಬ್ಬಿನಲ್ಲಿ ಓದಿದ.

ವಿಲ್ಫ್ ಅಂದು ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಮೊದಲ ಪ್ರಶ್ನೆಗೇ ಮುಖವೆತ್ತಿ ನೋಡಿದ. ಐದನೆಯದಕ್ಕೆ ಪೆನ್ಸಿಲ್ ಕೆಳಗಿಟ್ಟ. ಬಂದದ್ದು ಒಂದು ಅಂಕ.

"ಇದು ಅವಳದಲ್ಲ," ಎಂದ.

"ಅವಳಾ!" ಡೆಸ್ಮಂಡ್ ಮೇಜು ಕುಟ್ಟಿದ. "ಏಳನೆಯವ್ರು ಹೆಂಗಸು ಅಂತ ನಿಮಗ್ಯಾರ್ ಹೇಳಿದ್ರು?"

ವಿಲ್ಫ್ ಅವನತ್ತ ಕೈ ಚಾಚಿದ.

"ಕಳ್ಳ ಅನ್ನಿ, ಹೊರಗೆ ಹಾಕಿ. ಆ ಲಕೋಟೆ ಒಂದ್ಸಲ ತೋರಿಸ್ಬಿಡಿ, ಸಾಕು."

"ನೋಡಿ, ಮುದುಕಂಗೆ ಆಸೆ ಇನ್ನೂ ಬಿಟ್ಟಿಲ್ಲ!" ಎಂದ ಡೆಸ್ಮಂಡ್, ಪಬ್ಬಿನತ್ತ ತಿರುಗಿ.

ಎಲ್ಲರೂ ನಕ್ಕರು, ಈನಿಡ್ ಒಬ್ಬಳನ್ನು ಬಿಟ್ಟು. ವಿಲ್ಫ್ ಟೋಪಿ ಮರೆತು ಎದ್ದ. ಇಪ್ಪತ್ತು ವರ್ಷ ಓಡಾಡಿದ ಬಾಗಿಲು ಸಿಗದೆ ತಡಕಾಡಿದ.

ಮುಂದಿನ ಸೋಮವಾರ ಬೆಳಿಗ್ಗೆ ಡೆಸ್ಮಂಡ್ ಏಳನೆಯವರನ್ನು, ಅಂದರೆ ವಿಟ್ಬಿ ಊರಿನ ಲೋರ್ನಾ ಮಾರ್ಷ್‌ಳನ್ನು, ಲೀಗಿನಿಂದ ಕಿತ್ತುಹಾಕುವ ಪತ್ರಕ್ಕೆ ಕೂತ. ಸಾಕ್ಷಿಗಿರಲಿ ಎಂದು ಲಕೋಟೆ ಒಡೆದ. ಪ್ರಶ್ನೆಗಳು ಮಕ್ಕಳೂ ಹೇಳುವಂಥವು. ಉತ್ತರಗಳನ್ನು ಪಕ್ಕದಲ್ಲೇ ಬರೆದಿದ್ದಳು, ಕೊನೆಯ ಏಳು ಹೀಗಿದ್ದವು: ಪ್ರೆಸ್ಟನ್ ಪಟ್ಟಣ. ರೈಲು ನಿಲ್ದಾಣ. ಗಡಿಯಾರ. ಶನಿವಾರ. ಹನ್ನೊಂದು. ಅಜ್ಜ. ಮೊಮ್ಮಗಳು.

ಜೊತೆಗೊಂದು ಚೀಟಿ.

"ಕಾರ್ಯದರ್ಶಿಗಳೇ, ಕ್ಷಮಿಸಿ. ನಿಮ್ಮ ಆಟಗಾರರಲ್ಲಿ ಒಬ್ಬರು ನನ್ನ ಅಪ್ಪ. ಎದುರು ನಿಂತು ಮಾತಾಡುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಅವರಿಗೆ ಗೊತ್ತಿರುವುದನ್ನೇ ಕೇಳಿದೆ. ಅವರು ಹತ್ತಕ್ಕೆ ಹತ್ತು ಬರೆದು ಉತ್ತರ ಕೊಟ್ಟರು. ಈ ಸುತ್ತಾದ ಮೇಲೆ ನನ್ನನ್ನು ತೆಗೆದುಹಾಕಿ. ಆ ವಾರದ ಭಾನುವಾರವೇ ನಾವು ನ್ಯೂಜಿಲೆಂಡಿಗೆ ಹೊರಡುತ್ತೇವೆ, ಅಲ್ಲೇ ಇರುವುದಕ್ಕೆ. ಈ ಸಲವೂ ಅಪ್ಪನಿಗೆ ಹತ್ತು ಬಂದರೆ ಶನಿವಾರ ಮಗುವನ್ನು ಆ ಗಡಿಯಾರದ ಕೆಳಗೆ ಕರೆತರುತ್ತೇನೆ. ಬರದಿದ್ದರೆ ಅವರಿಗೆ ನಾವು ಬೇಡವೆಂದು ತಿಳಿದು ಸುಮ್ಮನಾಗುತ್ತೇನೆ."

ವಿಲ್ಫ್ ಹೆಸ್ಕೆತ್‌ಗೆ ಒಂದು ಅಂಕ ಎಂಬ ಪಟ್ಟಿಯನ್ನು ಡೆಸ್ಮಂಡ್ ನಿಯಮದಂತೆ ಕಳೆದ ಬುಧವಾರವೇ ಅವಳಿಗೆ ಅಂಚೆಗೆ ಹಾಕಿದ್ದ.